ಜೆಲ್ ಬಿಟ್ಟು ಹೊರಡಬೇಕಾದ ಔಷಧ

ಮೊಣಕಾಲು ನೋವಿಗೆ ಮಾತ್ರೆ ನುಂಗಿದರೆ ಔಷಧ ರಕ್ತದ ಜೊತೆ ಮೈಯೆಲ್ಲ ಸುತ್ತುತ್ತದೆ. ನೋವಿಗೆ ಸಂಬಂಧವೇ ಇಲ್ಲದ ಜಠರ, ಮೂತ್ರಪಿಂಡಗಳೂ ಅದರ ಪೆಟ್ಟು ತಿನ್ನಬೇಕಾಗುತ್ತದೆ. ನೋವಿರುವ ಕಡೆಯೇ ಹಚ್ಚಿದರಾಯಿತಲ್ಲ? ಆಯಿತು, ಆದರೆ ನಡುವೆ ಚರ್ಮವಿದೆ.

ಅಂಗೈ, ಅಂಗಾಲು ಬಿಟ್ಟರೆ ಚರ್ಮದ ತೀರಾ ಹೊರಗಿನ ಪದರದ ದಪ್ಪ ಸುಮಾರು 10ರಿಂದ 20 ಮೈಕ್ರಾನ್, ಕಾಗದಕ್ಕಿಂತ ತೆಳು. ಚಪ್ಪಟೆಯಾದ ಸತ್ತ ಕೋಶಗಳು, ಅವುಗಳ ಸಂದುಗಳಲ್ಲಿ ಸೆರಮೈಡ್, ಕೊಲೆಸ್ಟ್ರಾಲ್, ಕೊಬ್ಬಿನಾಮ್ಲಗಳು. ಔಷಧದ ಅಣು ಈ ಜಿಡ್ಡಿನಲ್ಲಿ ಕರಗಿ ನುಸುಳಬೇಕು. ಅದರ ಕೆಳಗಿನ ಜೀವಂತ ಪದರದಲ್ಲಿ ನೀರೇ ಹೆಚ್ಚು, ಅಲ್ಲೂ ಕರಗಬೇಕು. ಗಾತ್ರವೂ ಚಿಕ್ಕದಿರಬೇಕು: 500 ಡಾಲ್ಟನ್ (ಅಣುವಿನ ತೂಕದ ಅಳತೆ) ದಾಟಿದ ಅಣುಗಳಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. 296 ಡಾಲ್ಟನ್‌ನ ನೋವುನಿವಾರಕ ಡಿಕ್ಲೋಫೆನಾಕ್, ಹಚ್ಚಿದ ಜಾಗ ಮರಗಟ್ಟಿಸುವ 234ರ ಲಿಡೋಕೇನ್ ಈ ಪರೀಕ್ಷೆಯಲ್ಲಿ ಪಾಸು.

ಜೆಲ್ ಮಾಡುವುದು ಕಷ್ಟವಲ್ಲ. ಕಾರ್ಬೊಮರ್‌ನಂಥ ಪಾಲಿಮರ್ ಒಂದಿಷ್ಟು ಹಾಕಿದರೆ ನೀರು ಮಂದವಾಗುತ್ತದೆ. ತಲೆನೋವು ಬೇರೆಯದೇ. ಔಷಧವನ್ನು ಚೆನ್ನಾಗಿ ಕರಗಿಸಿಕೊಳ್ಳುವ ಜೆಲ್ಲೇ ಒಳ್ಳೆಯದು ಅನ್ನಿಸುತ್ತದೆ, ಅಲ್ಲವೆ? ಆದರೆ ಅಲ್ಲಿ ಹಾಯಾಗಿರುವ ಅಣು ಚರ್ಮದ ಕಡೆ ತಿರುಗಿಯೂ ನೋಡುವುದಿಲ್ಲ. ತವರಲ್ಲೇ ಸುಖವಾಗಿದ್ದವಳು ಗಂಡನ ಮನೆಗೆ ಹೊರಡದ ಹಾಗೆ. ಅದಕ್ಕೇ ಆಲ್ಕೋಹಾಲ್ ಸೇರಿಸುತ್ತಾರೆ. ಹಚ್ಚಿದ ಮೇಲೆ ಅದು ಆರಿಹೋಗಿ, ಉಳಿದ ಜೆಲ್‌ನಲ್ಲಿ ಔಷಧ ಕಿಕ್ಕಿರಿಯುತ್ತದೆ, ಹೊರನುಗ್ಗುವ ಒತ್ತಡ ಹುಟ್ಟುತ್ತದೆ. ಇದು ಅತಿಯಾದರೂ ಕೆಲಸ ಕೆಟ್ಟಂತೆ: ಔಷಧ ಹರಳುಗಟ್ಟಿ ಚರ್ಮದ ಮೇಲೇ ಉಳಿಯುತ್ತದೆ. ಈ ಎರಡರ ನಡುವಿನ ಹದ ಹುಡುಕುವುದೇ ಪ್ರಯೋಗಾಲಯದ ದೊಡ್ಡ ಕೆಲಸ. ಫ್ರಾಂಜ್ ಕೋಶವೆಂಬ ಗಾಜಿನ ಉಪಕರಣದಲ್ಲಿ ಚರ್ಮದ ತುಂಡೊಂದನ್ನು ಸಿಕ್ಕಿಸಿ, ಮೇಲೆ ಜೆಲ್ ಸವರಿ, ಕೆಳಗಿನ ದ್ರವಕ್ಕೆ ಗಂಟೆಗಂಟೆಗೆ ಎಷ್ಟು ಇಳಿಯಿತೆಂದು ಅಳೆಯುತ್ತಾರೆ. ಹಂದಿಯ ಕಿವಿಯ ಚರ್ಮ ಇಲ್ಲಿ ಬಹಳ ಬಳಕೆಯಲ್ಲಿದೆ.

ಒಂದು ಮೊಣಕಾಲಿಗೆ ದಿನಕ್ಕೆ 16 ಗ್ರಾಂನಷ್ಟು ಶೇ. 1ರ ಡಿಕ್ಲೋಫೆನಾಕ್ ಜೆಲ್ ಹಚ್ಚಿದಾಗ ರಕ್ತಕ್ಕೆ ಸೇರುವುದು ಮಾತ್ರೆಯಿಂದ ಸೇರುವುದರ ಶೇ. 6ರಷ್ಟು. ಜಠರದ ಮಟ್ಟಿಗೆ ಇದು ದೊಡ್ಡ ಸಮಾಧಾನ.

ನೋವು ಇಳಿದದ್ದು ಔಷಧದಿಂದಲೇ ಎಂದು ತೋರಿಸುವುದು ಮಾತ್ರ ಸುಲಭವಲ್ಲ. ತಿಕ್ಕಿದರೂ ನೋವು ಶಮನವಾಗುತ್ತದೆ; ಸ್ಪರ್ಶದ ಸಂಕೇತಗಳು ಬೆನ್ನುಹುರಿಯಲ್ಲೇ ನೋವಿನ ಸಂಕೇತಗಳನ್ನು ತಡೆಯಬಲ್ಲವು ಎಂದು ನೋವಿನ ಸಂಶೋಧಕರಾದ ಮೆಲ್ಝಾಕ್ ಮತ್ತು ವಾಲ್ 1965ರಲ್ಲೇ ವಾದಿಸಿದ್ದರು. ಹಾಗಾಗಿ ಹೋಲಿಕೆಗೆ ಔಷಧವಿಲ್ಲದ ಜೆಲ್ಲನ್ನೂ ಅಷ್ಟೇ ತಿಕ್ಕಿಸಬೇಕು. ಮೆಂಥಾಲ್ ಇದ್ದರಂತೂ ಪೇಚಾಟ: ವಾಸನೆ, ತಂಪಿನಿಂದಲೇ ಯಾವುದು ಅಸಲಿ ಎಂದು ರೋಗಿ ಊಹಿಸಿಬಿಡುತ್ತಾನೆ.