ಕ್ಲಾಸಿನಲ್ಲಿ ಬಂದದ್ದು ಮನೆಗೆ ಹೋದರೆ ಯಾಕೆ ಮರೆಯುತ್ತದೆ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಮನೆಯಲ್ಲೇ ಪಿಯಾನೊ, ಕೀಬೋರ್ಡ್ ಕಲಿಸುತ್ತೇನೆ. ಶನಿವಾರ ಚೆಂದಾಗಿ ನುಡಿಸಿ ಹೋದ ಹುಡುಗ ಮುಂದಿನ ಶನಿವಾರ ಅರ್ಧಕ್ಕೇ ಮುಗ್ಗರಿಸುತ್ತಾನೆ. ಅಭ್ಯಾಸ ಮಾಡಿಲ್ಲವೆಂದು ಬೈದರೆ ತಾಯಿ, 'ಇಲ್ರೀ ಸರ್, ದಿನಾ ಅರ್ಧ ತಾಸು ಕುಂದರತಾನ್ರೀ' ಅನ್ನುತ್ತಾರೆ. ಯಾರನ್ನು ನಂಬಲಿ?

ಉತ್ತರ: ತಾಯಿಯನ್ನೇ ನಂಬಿ. ಹುಡುಗ ಕುಳಿತದ್ದು ಖರೆ, ಕುಳಿತು ಏನು ಮಾಡಿದ ಎಂಬುದು ಬೇರೆ ಮಾತು. ಮುಂದಿನ ಕ್ಲಾಸಿನಲ್ಲಿ 'ನುಡಿಸು' ಅನ್ನುವ ಬದಲು 'ಮನ್ಯಾಗ ಹೆಂಗ ಪ್ರಾಕ್ಟೀಸ್ ಮಾಡ್ತಿ, ಮಾಡಿ ತೋರಸು' ಅನ್ನಿ. ಆಮೇಲೆ ಐದು ನಿಮಿಷ ತುಟಿ ಬಿಚ್ಚಬೇಡಿ. ಹೆಚ್ಚಿನ ಮಕ್ಕಳು ಮಾಡುವುದು ಇಷ್ಟೇ: ಮೊದಲಿನಿಂದ ಹೊರಡುವುದು, ಆರನೇ ಬಾರ್‌ನಲ್ಲಿ (ಪುಟದ ಮೇಲೆ ಎರಡು ನಿಂತ ಗೆರೆಗಳ ನಡುವಿನ ತುಂಡು) ತಪ್ಪುವುದು, ಮತ್ತೆ ಮೊದಲಿಗೆ ಓಡುವುದು. ಹದಿನಾರು ಬಾರ್‌ಗಳ ಪಾಠದಲ್ಲಿ ಮೊದಲ ನಾಲ್ಕು ಇಪ್ಪತ್ತು ಸಲ ಕೈ ದಾಟಿದರೆ ಕೊನೆಯ ನಾಲ್ಕಕ್ಕೆ ಪಾಳಿ ಬರುವುದೇ ಇಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಆರನೇ ಬಾರ್‌ನಲ್ಲಿ ನಿಲ್ಲುವುದೂ ಪಾಠದ ಭಾಗವೆಂಬಂತೆ ಕೈಗೆ ರೂಢಿಯಾಗುತ್ತದೆ.

ಇದಕ್ಕೆ ಮದ್ದು ಹಿಂದಿನಿಂದ ಕಲಿಸುವುದು. 13ರಿಂದ 16ನೇ ಬಾರ್ ಮೊದಲು. ಬಲಗೈ ಬೇರೆ, ಎಡಗೈ ಬೇರೆ, ಮೆಟ್ರೊನೋಮ್ (ಟಿಕ್ ಟಿಕ್ ಎಂದು ಲಯ ತೋರಿಸುವ ಸಾಧನ) ನಿಮಿಷಕ್ಕೆ 60 ಬಡಿತಕ್ಕೆ. ತಪ್ಪಿಲ್ಲದೆ ಸತತ ಮೂರು ಸಲ ಬಂದರೆ ಎರಡೂ ಕೈ ಕೂಡಿಸಿ. ಕೂಡಿಸುವಾಗ ವೇಗ 50ಕ್ಕೆ ಇಳಿಯಲಿ. ಆಮೇಲೆ 9ರಿಂದ 12. ಆದರೆ 12ಕ್ಕೆ ನಿಲ್ಲಿಸಬೇಡಿ, 13ನೇ ಬಾರ್‌ನ ಮೊದಲ ಸ್ವರ ಮುಟ್ಟಿ ನಿಲ್ಲಿಸಿ. ಮಕ್ಕಳು ಎಡವುವುದು ಬಹಳ ಸಲ ಬಾರ್‌ನ ಒಳಗಲ್ಲ, ಒಂದು ಬಾರ್‌ನಿಂದ ಇನ್ನೊಂದಕ್ಕೆ ದಾಟುವ ಆ ಸಂದಿನಲ್ಲಿ. ಅಲ್ಲಿಯೇ ಕೈ ಜಾಗ ಬದಲಿಸಬೇಕಾಗಿರುತ್ತದೆ.

45 ನಿಮಿಷದ ಕ್ಲಾಸಿದ್ದರೆ ಕೊನೆಯ ಹತ್ತು ನಿಮಿಷದಲ್ಲಿ ಹೊಸದೇನೂ ಬೇಡ. ಮನೆಯಲ್ಲಿ ಮಾಡಬೇಕಾದದ್ದನ್ನು ನಿಮ್ಮೆದುರೇ ಒಮ್ಮೆ ಮಾಡಿಸಿ. ನೋಟ್‌ಬುಕ್ಕಿನಲ್ಲಿ 'ಪಾಠ 7 ಅಭ್ಯಾಸ' ಎಂದು ಬರೆದರೆ ಏನೂ ಬರೆಯದಂತೆಯೇ. '9–12ನೇ ಬಾರ್, ಎಡಗೈ ಮಾತ್ರ, 60, ತಪ್ಪಿಲ್ಲದೆ ಮೂರು ಸಲ' ಎಂದು ಬರೆಯಿರಿ. ಸಂಗೀತ ಗೊತ್ತಿಲ್ಲದ ತಾಯಿಯೂ ಇದನ್ನು ಎಣಿಸಿ ನೋಡಬಲ್ಲರು.

ಇನ್ನೊಂದು ಕಾರಣ ನಮ್ಮ ಕಡೆ ಜಾಸ್ತಿ ಕಾಣುತ್ತದೆ. ಗಂಗೂಬಾಯಿ ಹಾನಗಲ್ಲ, ಮಲ್ಲಿಕಾರ್ಜುನ ಮನಸೂರರ ಈ ಸೀಮೆಯಲ್ಲಿ ಗಾಯನದ ಕ್ಲಾಸಿಗೂ ಹೋಗುವ ಮಕ್ಕಳು ಬಹಳ. ಗುರುವಿನ ಬಾಯಿಂದ ಕೇಳಿ ಹಿಡಿಯುವುದು ಅವರಿಗೆ ಕರಗತ. ನೀವು ಪಾಠವನ್ನು ಒಮ್ಮೆ ನುಡಿಸಿ ತೋರಿಸಿದರೆ ಸಾಕು, ಕಿವಿಯಿಂದಲೇ ಎತ್ತಿಕೊಂಡು, ಪುಟ ನೋಡುತ್ತಿರುವಂತೆ ಕುಳಿತು ನುಡಿಸಿಬಿಡುತ್ತಾರೆ. ಬುಧವಾರದ ಹೊತ್ತಿಗೆ ಕಿವಿಯ ನೆನಪು ಮಸುಕಾಗುತ್ತದೆ. ಪುಟವನ್ನು ಓದಲು ಬರುವುದೇ ಇಲ್ಲ. ಪರೀಕ್ಷೆ ಸುಲಭ: ನಡುವೆ ತಡೆದು 'ಈಗ ಎಲ್ಲಿದ್ದಿ, ಬೆರಳಿಟ್ಟು ತೋರಸು' ಅನ್ನಿ. ತೋರಿಸಲು ತಡಕಾಡಿದರೆ ಅದು ಓದಿದ್ದಲ್ಲ. ಅಂಥ ಮಗುವಿಗೆ ಹೊಸ ಪಾಠವನ್ನು ಮೊದಲು ನುಡಿಸಿ ತೋರಿಸಬೇಡಿ. ಹಿಂದೆಂದೂ ಕೇಳದ ಎರಡು ಬಾರ್‌ಗಳನ್ನು ದಿನಾ ಓದಿಸಿ. ಕಿವಿ ಚೆನ್ನಾಗಿರುವುದು ದೋಷವಲ್ಲ ಬಿಡಿ, ಅದನ್ನು ಬೇರೆ ಹೊತ್ತಿಗೆ ದುಡಿಸಿಕೊಳ್ಳೋಣ.

ಅದೇ ಮಕ್ಕಳ ಮುಂದೆ ಸಿ ಕೀಲಿಗೆ 'ಸಾ' ಅಂದರೆ ಗೋಜಲು. ಪೇಟಿಯ (ಹಾರ್ಮೋನಿಯಂ) ಮೇಲೆ ಕರಿ ನಾಲ್ಕನ್ನು, ಅಂದರೆ ನಾಲ್ಕನೇ ಕಪ್ಪು ಕೀಲಿಯನ್ನು, ಸಾ ಹಿಡಿದು ಹಾಡುವ ಹುಡುಗಿಗೆ ಅದು ಜಿ ಶಾರ್ಪ್; ನೀವು ಬಿಳಿ ಒಂದನ್ನು, ಅಂದರೆ ಸಿಯನ್ನು, ಸಾ ಅಂದರೆ ಆಕೆ ಯಾವುದನ್ನು ನಂಬಬೇಕು? ಓದುವಾಗ ಸಿ, ಡಿ, ಇ ಅಷ್ಟೇ ಇರಲಿ. ಸರಿಗಮವನ್ನು ಕೊನೆಗೆ ಆಟಕ್ಕೆ ಇಟ್ಟುಕೊಳ್ಳಿ: 'ಇವತ್ತ ಜಿ ಮ್ಯಾಲೆ ಸಾ, ಶುದ್ಧ ಸ್ವರ ಹುಡುಕು.' ನಿ ಬರುವಾಗ ಕೈ ತಾನಾಗಿ ಕಪ್ಪು ಕೀಲಿಗೆ, ಎಫ್ ಶಾರ್ಪಿಗೆ ಹೋಗುತ್ತದೆ. ಎಫ್ ಮೇಲೆ ಸಾ ಇಟ್ಟರೆ ಮ ಕಪ್ಪಿಗೆ ಬೀಳುತ್ತದೆ. ಸ್ಕೇಲ್ ಎಂದರೇನೆಂದು ಬೋರ್ಡಿನ ಮೇಲೆ ಬರೆದು ತಿಳಿಸುವುದಕ್ಕಿಂತ ಇದು ಬೇಗ ತಲೆಗೆ ಹೋಗುತ್ತದೆ.

ಕೀಲಿಗಳಿಗೆ ಅಕ್ಷರದ ಸ್ಟಿಕರ್ ಹಚ್ಚಿದ್ದರೆ ಕಿತ್ತುಹಾಕಿಸಿ. ಪ್ರತಿ ಸ್ವರದ ಮೇಲೂ ಬೆರಳಿನ ಅಂಕಿ (ಹೆಬ್ಬೆರಳು 1, ಕಿರುಬೆರಳು 5) ಬರೆಯುವುದೂ ಅದೇ ಕೆಲಸ ಮಾಡುತ್ತದೆ, ಮಗು ಸ್ವರ ಬಿಟ್ಟು ಅಂಕಿ ಓದುತ್ತದೆ. ಹೆಬ್ಬೆರಳು ಉಳಿದ ಬೆರಳುಗಳ ಕೆಳಗೆ ತೂರುವ ಜಾಗದಲ್ಲಿ ಮಾತ್ರ ಬರೆಯಿರಿ. ಬಲಗೈ ಸಿ ಮೇಜರ್‌ನಲ್ಲಿ (ಸಿಯನ್ನು ಸಾ ಹಿಡಿದ ಶುದ್ಧ ಸ್ವರಗಳ ಸ್ಕೇಲ್) 1 2 3 ಆದಮೇಲೆ ಹೆಬ್ಬೆರಳು ಎಫ್ ಮೇಲೆ. ಎಫ್ ಮೇಜರ್‌ನಲ್ಲಿ ಮಾತ್ರ 1 2 3 4 ಆದಮೇಲೆ, ಯಾಕೆಂದರೆ ನಾಲ್ಕನೆಯದು ಬಿ ಫ್ಲಾಟ್, ಕಪ್ಪು ಕೀಲಿ, ಅಲ್ಲಿಗೆ ಹೆಬ್ಬೆರಳು ಒಗ್ಗುವುದಿಲ್ಲ.

ಮನೆಯಲ್ಲಿ ವಾದ್ಯ ಎಲ್ಲಿಟ್ಟಿದ್ದಾರೆಂದು ಒಂದು ಫೋಟೊ ತರಿಸಿ ನೋಡಿ. ಕೀಬೋರ್ಡ್ ಮಂಚದ ಮೇಲಿದ್ದು ಹುಡುಗ ನೆಲದ ಮೇಲೆ ಕುಳಿತರೆ ಮಣಿಕಟ್ಟು ಮೇಲಕ್ಕೆ ಬಾಗುತ್ತದೆ, ಹೆಬ್ಬೆರಳು ತೂರುವುದೇ ಇಲ್ಲ. ಕೀಲಿಗಳು ನೆಲದಿಂದ ಸುಮಾರು 70–73 ಸೆಂ.ಮೀ. ಎತ್ತರದಲ್ಲಿರಲಿ, ಮೊಳಕೈ ಕೀಲಿಯ ಮಟ್ಟಕ್ಕೆ ಬರಲಿ. ಕುರ್ಚಿ ತಗ್ಗಾದರೆ ಮಡಚಿದ ಜಮಖಾನೆ ಸಾಕು. ಕಾಲು ಜೋತಾಡದಂತೆ ಕೆಳಗೊಂದು ಮಣೆ. ಕೀಬೋರ್ಡಿನ ಆಟೋ ರಿದಮ್, ಕಾರ್ಡ್ (ಹಲವು ಸ್ವರ ಒಟ್ಟಿಗೆ ನುಡಿಸುವ) ಬಟನ್ ಅಭ್ಯಾಸದ ಹೊತ್ತಿಗೆ ಬಂದ್ ಇರಲಿ. ಅವು ನಡೆದರೆ ಎಡಗೈಗೆ ಕೆಲಸವೇ ಉಳಿಯುವುದಿಲ್ಲ.

ಏಪ್ರಿಲ್, ಮೇ ಬಂದರೆ ಮಕ್ಕಳು ಗದಗಕ್ಕೋ ಹಾವೇರಿಗೋ ಅಜ್ಜಿಯ ಮನೆಗೆ ಹೋಗುತ್ತಾರೆ, ವಾದ್ಯ ಇಲ್ಲೇ ಉಳಿಯುತ್ತದೆ. ಆ ತಿಂಗಳ ಫೀ ಯಾರ ಹೊಣೆ ಎಂಬುದನ್ನು ಸೇರಿಸಿಕೊಳ್ಳುವ ದಿನವೇ ಬರೆದುಕೊಡಿ; ಏಪ್ರಿಲ್‌ನಲ್ಲಿ ಬಾಯಿಮಾತಿನಲ್ಲಿ ಹೇಳಿದರೆ ಜಗಳ ಖಂಡಿತ. ಮಗುವಿನ ಚೀಲದಲ್ಲಿ ನಾಲ್ಕು ಬಾರ್ ಬರೆದ ಒಂದು ಹಾಳೆ ಇಟ್ಟು ಕಳಿಸಿ: ದಿನಕ್ಕೊಮ್ಮೆ ಬಾಯಲ್ಲಿ ಒಂದು, ಎರಡು, ಮೂರು, ನಾಲ್ಕು ಎಣಿಸುತ್ತ ಅದರ ಲಯಕ್ಕೆ ಚಪ್ಪಾಳೆ, ಆಮೇಲೆ ಸ್ವರಗಳ ಹೆಸರು ನಿಲ್ಲದೆ ಓದುವುದು. ಐದು ನಿಮಿಷದ ಕೆಲಸ, ಕಟ್ಟೆಯ ಮೇಲೆ ಕುಳಿತೂ ಮಾಡಬಹುದು.