ಹೊಳೆಯಲ್ಲಿ ಹೆಕ್ಕಿದ ಕಲ್ಲು ಹಿಡಿದು ಸಂಗ್ರಾಹಕರ ಸಂಘಕ್ಕೆ ಹೋಗಬಹುದೇ?

ಪ್ರಶ್ನೆ: ಕಲ್ಲು, ಖನಿಜ ಸಂಗ್ರಹಿಸುವವರ ಸಂಘವೊಂದಕ್ಕೆ ಸೇರಬೇಕೆಂದಿದ್ದೇನೆ. ತೀರ್ಥಹಳ್ಳಿಯಲ್ಲಿ ತುಂಗೆಯ ದಡದಿಂದ ಹೆಕ್ಕಿದ ಒಂದು ಬುಟ್ಟಿ ಕಲ್ಲು ಮನೆಯಲ್ಲಿದೆ. ಭೂವಿಜ್ಞಾನ ಓದಿಲ್ಲ. ಇಷ್ಟು ಸಾಕೇ, ಇನ್ನೇನಾದರೂ ತಯಾರಿ ಬೇಕೇ?

ಉತ್ತರ: ಓದು ಬೇಕಿಲ್ಲ. ಬುಟ್ಟಿ ಮಾತ್ರ ಮನೆಯಲ್ಲೇ ಇರಲಿ. ಒಳ್ಳೆಯ ಸಂಘದಲ್ಲಿ ಕಲ್ಲಿನ ಹೆಸರಿಗಿಂತ ಮೊದಲು ಕೇಳುವುದು ಅದು ಎಲ್ಲಿ ಸಿಕ್ಕಿತು ಎಂದು. ಹೊಳೆಕಲ್ಲಿನ ಬಳಿ ಅದಕ್ಕೆ ಉತ್ತರವಿಲ್ಲ. ತೀರ್ಥಹಳ್ಳಿಯಲ್ಲಿ ಸಿಕ್ಕ ಗುಂಡುಕಲ್ಲು ಶೃಂಗೇರಿಯಿಂದಾಚೆಯ ಬೆಟ್ಟದ್ದೂ ಆಗಿರಬಹುದು, ಪಕ್ಕದ ಹಳ್ಳದ್ದೂ ಆಗಿರಬಹುದು. ಅದೂ ಅಲ್ಲದೆ ಉರುಳುತ್ತಾ ಮೆದು ಕಲ್ಲುಗಳೆಲ್ಲ ಸವೆದು ಹೋಗಿ ಬೆಣಚುಕಲ್ಲೇ ಹೆಚ್ಚಾಗಿ ಉಳಿದಿರುತ್ತದೆ. ಬಣ್ಣ ಹತ್ತು ಇದ್ದರೂ ಖನಿಜ ಒಂದೇ ಇದ್ದೀತು.

ಅದರ ಬದಲು ಹುಟ್ಟಿದ ಜಾಗ ಗೊತ್ತಿರುವ ನಾಲ್ಕೈದು ಕಲ್ಲು ಸಾಕು. ಬಾವಿ ತೋಡಿ ಹಾಕಿದ ಗುಡ್ಡೆ, ಸ್ವಂತ ತೋಟದ ಬಸಿಗಾಲುವೆ, ಮಾಲೀಕರು ಒಪ್ಪಿದರೆ ಜಲ್ಲಿ ಕ್ರಷರ್ ಅಥವಾ ಸಾಗರ, ಹೊಸನಗರ ಕಡೆಯ ಜಂಬಿಟ್ಟಿಗೆ ಕ್ವಾರಿ. ಬೋರ್‌ವೆಲ್ ಕೊರೆಯುವಾಗ ಹೊರಬರುವ ಚೂರನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಒಂದೊಂದು ರಾಡ್ ಇಳಿದಾಗಲೂ ಒಂದು ಹಿಡಿ ತೊಳೆದು, ಆಳ ಬರೆದ ಡಬ್ಬಿಯಲ್ಲಿಟ್ಟರೆ ನಿಮ್ಮ ಜಮೀನಿನ ಅಡಿಯ ಕಲ್ಲು ಪದರ ಪದರವಾಗಿ ಕೈಗೆ ಸಿಗುತ್ತದೆ.

ಬರೀ ಚೀಟಿ ಅಂಟಿಸಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಅದು ಬೂಸ್ಟು ಹಿಡಿಯುತ್ತದೆ, ಇಲ್ಲವೇ ಕಳಚಿ ಬೇರೆ ಕಲ್ಲಿನ ಪಕ್ಕ ಹೋಗಿ ಕೂರುತ್ತದೆ. ಕಲ್ಲಿನ ಅಂದವಿಲ್ಲದ ಮಗ್ಗುಲಲ್ಲಿ ಉದ್ದಿನಕಾಳಿನಷ್ಟು ಬಿಳಿ ಎನಾಮೆಲ್ ಬಣ್ಣದ ಬೊಟ್ಟಿಡಿ. ಅದು ಪೂರ್ತಿ ಒಣಗಿದ ಮೇಲೆ ಕಪ್ಪು ಶಾಯಿಯಲ್ಲಿ ಸಂಖ್ಯೆ ಬರೆದು, ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಎಳೆಯಿರಿ. ಅದೇ ಸಂಖ್ಯೆಯ ಎದುರು ಪುಸ್ತಕದಲ್ಲಿ ತಾರೀಖು, ಊರು, ಮೊಬೈಲ್ ತೋರಿಸುವ ಅಕ್ಷಾಂಶ ರೇಖಾಂಶ, ಬಂಡೆಯಿಂದ ಒಡೆದದ್ದೋ ಬಿಡಿಯಾಗಿ ಬಿದ್ದಿದ್ದೋ, ಅನುಮತಿ ಕೊಟ್ಟವರು ಯಾರು, ಇಷ್ಟೂ ಇರಲಿ. ದಶಮಾಂಶದ ನಂತರ 5 ಅಂಕಿ ಬರೆದರೆ ಲೆಕ್ಕ ಸುಮಾರು ಒಂದು ಮೀಟರಿಗೆ ಬರುತ್ತದೆ.

ಹೆಸರು ಗೊತ್ತಿಲ್ಲದಿದ್ದರೆ ಪರವಾಗಿಲ್ಲ, ಆದರೆ ಎರಡು ಪರೀಕ್ಷೆ ಮನೆಯಲ್ಲೇ ಮಾಡಿಕೊಂಡು ಹೋಗಿ. ಒಂದು, ಗೀರು. ಟೈಲ್ಸ್‌ನ ಹೊಳಪಿಲ್ಲದ ಹಿಂಬದಿಗೆ ಕಲ್ಲನ್ನು ಒತ್ತಿ ಎಳೆದರೆ ಪುಡಿಯ ನಿಜವಾದ ಬಣ್ಣ ಕಾಣುತ್ತದೆ. ನಮ್ಮ ಶಿವಮೊಗ್ಗ, ಚಿಕ್ಕಮಗಳೂರು ಕಡೆಗೆ ಇದು ತಕ್ಕ ಪರೀಕ್ಷೆ: ಕುಂಸಿ ಸುತ್ತಿನ ಮ್ಯಾಂಗನೀಸ್ ಅದಿರೂ, ಹಿಂದೆ ಭದ್ರಾವತಿ ಕಾರ್ಖಾನೆಗೆ ಹೋಗುತ್ತಿದ್ದ ಕೆಮ್ಮಣ್ಣುಗುಂಡಿಯ ಕಬ್ಬಿಣದ ಅದಿರೂ ನೋಡಲು ಕಪ್ಪಗೆ, ಎತ್ತಲು ಭಾರ. ಗೀರು ಇಟ್ಟಿಗೆಗೆಂಪಾಗಿ ಬಂದರೆ ಹೆಮಟೈಟ್ ಎಂಬ ಕಬ್ಬಿಣದ ಅದಿರು. ಕಪ್ಪಾಗಿ ಬಂದು ಆಯಸ್ಕಾಂತಕ್ಕೂ ಬಲವಾಗಿ ಅಂಟಿದರೆ ಮ್ಯಾಗ್ನೆಟೈಟ್ ಎಂಬ ಇನ್ನೊಂದು ಕಬ್ಬಿಣದ ಅದಿರು. ಕಪ್ಪಾಗಿದ್ದೂ ಅಂಟದಿದ್ದರೆ ಮ್ಯಾಂಗನೀಸ್ ಇರಬಹುದು. ಟೈಲ್ಸ್ ಹಿಂಬದಿ ಬಿಳಿಯದೇ ಆಗಿರಬೇಕು. ಕೆಂಪು ಮಣ್ಣಿನ ಟೈಲ್ಸ್ ಮೇಲೆ ಹೆಮಟೈಟ್ ಗೀರು ಕಾಣುವುದೇ ಇಲ್ಲ, ಹೆಚ್ಚಿನವರು ಎಡವುವುದು ಅಲ್ಲೇ.

ಇನ್ನೊಂದು, ಸಾಂದ್ರತೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಣಕಲ್ಲನ್ನು ತೂಗಿ. ಆಮೇಲೆ ಕಲ್ಲು ಮುಳುಗಿದರೂ ಚೆಲ್ಲದಷ್ಟು ನೀರಿರುವ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಕಲ್ಲಿಗೆ ದಾರ ಕಟ್ಟಿ, ಪೂರ್ತಿ ಮುಳುಗುವಂತೆ, ಆದರೆ ತಳಕ್ಕೂ ಅಂಚಿಗೂ ತಾಗದಂತೆ ಕೈಯಲ್ಲೇ ತೂಗುಬಿಡಿ. ಈಗ ಬರುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಬೇಕು. 212 ಗ್ರಾಂ ಕಲ್ಲು ನೀರಿನಲ್ಲಿ 80 ತೋರಿಸಿದರೆ 2.65, ಬೆಣಚುಕಲ್ಲಿನ ಲೆಕ್ಕ. ಶುದ್ಧ ಹೆಮಟೈಟ್ 5ರ ಮೇಲೆ ಹೋಗುತ್ತದೆ. ತಳ ಸ್ವಲ್ಪ ತಾಗಿದರೂ ಅಂಕಿ ಏರಿಬಿಡುತ್ತದೆ. ಜಂಬಿಟ್ಟಿಗೆಯಂಥ ತೂತುಗಲ್ಲಿಗೆ ಈ ಪರೀಕ್ಷೆ ಬೇಡ, ನೀರು ಒಳಗೆ ಹೋಗಿ ಲೆಕ್ಕ ಕೆಡುತ್ತದೆ.

ಸಂಘಕ್ಕೆ ಚಿನ್ನ ಎಂದು ಬರುವುದು ಬಹುಪಾಲು ಕಾಗೆಬಂಗಾರ, ಅಂದರೆ ಅಭ್ರಕ. ಸೂಜಿಯಿಂದ ಕೆದಕಿದರೆ ಹಾಳೆ ಹಾಳೆಯಾಗಿ ಏಳುತ್ತದೆ. ಉಲ್ಕೆ ಎಂದು ಬರುವುದು ಕಬ್ಬಿಣ ಕರಗಿಸಿದ ಕಿಟ್ಟ. ಒಡೆದ ಮುಖದಲ್ಲಿ ಗುಳ್ಳೆಗಳ ತೂತು ಕಂಡರೆ ಆಸೆ ಬಿಡಿ, ಆಯಸ್ಕಾಂತಕ್ಕೆ ಅಂಟಿದರೂ ಸರಿಯೇ.

ಸಂಘವನ್ನೂ ಪರೀಕ್ಷೆ ಮಾಡಬೇಕು. ಮುಂದಿನ ಪ್ರವಾಸ ಎಲ್ಲಿಗೆ, ಅನುಮತಿ ಯಾರದು ಎಂದು ನೇರವಾಗಿ ಕೇಳಿ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಕಾಡಿನ ಕಲ್ಲು, ಖನಿಜ, ಜಂಬಿಟ್ಟಿಗೆ ಕೂಡ ಅರಣ್ಯ ಉತ್ಪನ್ನವೇ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಶರಾವತಿ ಕಣಿವೆ, ಭದ್ರಾ ಅಭಯಾರಣ್ಯಗಳಲ್ಲಿ ಫೋಟೊ ಬಿಟ್ಟು ಬೇರೇನೂ ಚೀಲ ಸೇರಕೂಡದು. ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ ನಮ್ಮದೇ ಎಂಬ ಮಾತೂ ಇಲ್ಲಿ ನಡೆಯುವುದಿಲ್ಲ. ಅಲ್ಲಿರುವುದು ಸೊಪ್ಪಿನ ಸವಲತ್ತು, ಕಲ್ಲಿನದಲ್ಲ. "ಯಾರೂ ಕೇಳಲ್ಲ ಬನ್ನಿ" ಎನ್ನುವ ಸಂಘಕ್ಕೆ ಶುಲ್ಕ ಕಟ್ಟಬೇಡಿ.

ಸುತ್ತಿಗೆ ಮನೆಯದ್ದು ಬೇಡ. ಮೊಳೆ ಹೊಡೆಯುವ ಸುತ್ತಿಗೆಯ ಮುಖ ಗಟ್ಟಿ ಕಲ್ಲಿಗೆ ಬಡಿದಾಗ ಚಕ್ಕೆ ಎದ್ದು ಕಣ್ಣಿಗೆ ಹಾರುತ್ತದೆ. ಮೊದಲ ದಿನಕ್ಕೆ ಕಣ್ಣು ಕಾಯುವ ಕನ್ನಡಕ, ಕಲ್ಲು ಸುತ್ತಲು ಹಳೇ ಪೇಪರ್ ಮತ್ತು ಅಕ್ಕಸಾಲಿಗರು ಬಳಸುವ 10 ಪಟ್ಟಿನ ಮಸೂರ ಸಾಕು. ಮಸೂರವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಕಲ್ಲನ್ನೇ ಎರಡೂವರೆ ಸೆಂಟಿಮೀಟರಿನಷ್ಟು ಸಮೀಪ ತರಬೇಕು.

ಮಳೆಗಾಲದಲ್ಲಿ ಬಂಡೆಯೆಲ್ಲ ಪಾಚಿ, ಕಾಲಿಗೆ ಉಂಬಳ. ಬೇಸಿಗೆಯಲ್ಲಿ ಉಣುಗು. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಿದ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ಡಿಸೆಂಬರಿನಿಂದ ಮೇವರೆಗೆ ಹೆಚ್ಚು. ಆ ತಿಂಗಳುಗಳಲ್ಲಿ ಕಾಡಂಚಿನ ಪ್ರವಾಸವಿದ್ದರೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಮಂಗ ಸತ್ತ ಸುದ್ದಿ ಇರುವ ಕಡೆ ಹೋಗಲೇಬೇಡಿ.

ಹತ್ತಿರ ಸಂಘ ಸಿಗದಿದ್ದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಅನ್ವಯಿಕ ಭೂವಿಜ್ಞಾನ ವಿಭಾಗದಲ್ಲಿ ವಿಚಾರಿಸಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಭೂಕೋಶ್ ತಾಣದಲ್ಲಿ ನಿಮ್ಮೂರಿನ ಶಿಲಾ ನಕ್ಷೆ ಬಿಟ್ಟಿಯಾಗಿ ನೋಡಲು ಸಿಗುತ್ತದೆ. ನಿಮ್ಮ ಐದು ಕಲ್ಲುಗಳ ಜಾಗವನ್ನು ಅದರ ಮೇಲೆ ಗುರುತಿಸಿ, ಆ ನಕ್ಷೆಯನ್ನೂ ಜೊತೆಗೆ ಒಯ್ಯಿರಿ.