ಮಗು ಬಂದು ಹೇಳಿದಾಗ ಮೊದಲ ಹತ್ತು ನಿಮಿಷ: ದೊತೊರ್ನ್ ಟೀಚರುಗಳಿಗೆ ಒಂದು ಟಿಪ್ಪಣಿ

ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನಲ್ಲಿ ಮಕ್ಕಳಿಗೆ ದೊತೊರ್ನ್ (ಧರ್ಮೋಪದೇಶ) ಕ್ಲಾಸ್ ತೆಗೆದುಕೊಳ್ಳುವ ನಾವ್ಯಾರೂ ಪೊಲೀಸರಲ್ಲ, ವಕೀಲರೂ ಅಲ್ಲ. ಒಬ್ಬರು ಸೊಸೈಟಿಯಲ್ಲಿ ಕ್ಲರ್ಕ್, ಒಬ್ಬರು ಟೈಲರಿಂಗ್ ಮಾಡುತ್ತಾರೆ, ನಾನು ಕುಮಟಾದಲ್ಲಿ ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಸೇಫ್‌ಗಾರ್ಡಿಂಗ್ (ಮಕ್ಕಳ, ದುರ್ಬಲರ ರಕ್ಷಣೆ) ತರಬೇತಿಯಲ್ಲಿ ಕೊಟ್ಟ ಪುಸ್ತಿಕೆ ಇಂಗ್ಲಿಷಿನಲ್ಲಿತ್ತು, ಅರ್ಧ ಜನ ಅದನ್ನು ಬ್ಯಾಗಿಗೆ ತುರುಕಿ ಮರೆತರು. ಅದಕ್ಕೇ ಈ ಟಿಪ್ಪಣಿ: ಯಾರಿಂದಲೋ ಕಿರುಕುಳ ಆಗಿದೆ ಎಂದು ಮಗು ಬಂದು ಹೇಳಿದರೆ ನಾವೇನು ಮಾಡಬೇಕು ಎಂದು. ಪುಸ್ತಿಕೆಯ ಕ್ರಮ ಬಿಟ್ಟು, ನಾವು ಎಡವುವ ಜಾಗದಿಂದಲೇ ಶುರು ಮಾಡುತ್ತೇನೆ.

ನಾವು ಎಡವುವುದು ಕೇಳುವುದರಲ್ಲಿ. ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ.

ಎರಡು ವರ್ಷದ ಹಿಂದೆ, ಕ್ರಿಸ್ಮಸ್ ಹಾಡಿನ ಪ್ರಾಕ್ಟೀಸ್ ಮುಗಿದು ಮಕ್ಕಳು ಹೊರಡುವ ಹೊತ್ತು. ಒಂಬತ್ತು ವರ್ಷದ ಹುಡುಗನೊಬ್ಬ ಮೆಟ್ಟಿಲ ಹತ್ತಿರ ನಿಂತು ಚಪ್ಪಲಿ ಹಾಕಿಕೊಳ್ಳಲಿಕ್ಕೇ ತಯಾರಿಲ್ಲ. ಏನೋ ತಮಾ ಅಂದೆ. 'ಮ್ಹಾಕಾ ತಾಚ್ಯಾ ಸಾಂಗಾತಾ ವಚೊಂಕ್ ನಾಕಾ' ಅಂದ. ಅವರ ಜೊತೆ ಹೋಗೋದು ಬೇಡ ಅಂತ. ಬೈಕಿನಲ್ಲಿ ಅವನನ್ನು ಮನೆಗೆ ಬಿಡುತ್ತಿದ್ದವರ ಬಗ್ಗೆ ಹೇಳಿದ್ದು. ನನ್ನ ಎದೆ ಧಸಕ್ಕೆಂದಿತು, ಒಂದೇ ಉಸಿರಿಗೆ 'ಅವರು ನಿನ್ನನ್ನ ಮುಟ್ಟಿದ್ರಾ? ಎಲ್ಲಿ ಮುಟ್ಟಿದ್ರು? ಹೇಳು, ಹೆದರಬೇಡ' ಅಂದುಬಿಟ್ಟೆ. ಹುಡುಗ ಗಪ್ಪಾದ. ಆಮೇಲೆ ಅವನ ತಾಯಿ ನಿಧಾನವಾಗಿ ಕೂರಿಸಿಕೊಂಡು ಕೇಳಿದಾಗ ವಿಷಯ ಬೇರೆಯೇ ಇತ್ತು: ಆ ಮನುಷ್ಯ ಕುಡಿದು ಹೈವೇಯಲ್ಲಿ ಬೈಕ್ ಓಡಿಸುತ್ತಿದ್ದ. ಅದೂ ಅಪಾಯವೇ, ಸಣ್ಣದಲ್ಲ. ಆದರೆ ನನ್ನ ಪ್ರಶ್ನೆಗೆ ಅವನು ಹೆದರಿ 'ಹೌದು' ಅಂದಿದ್ದರೆ? ಅಥವಾ ನಿಜವಾಗಿಯೂ ಮುಟ್ಟಿದ್ದು ಇದ್ದು, ನನ್ನ ಮುಖ ನೋಡಿ 'ಇಲ್ಲ' ಅಂದಿದ್ದರೆ? ಎರಡೂ ಕಡೆಯಿಂದ ಹಾಳು ಮಾಡುತ್ತಿದ್ದೆ.

ಉತ್ತರವನ್ನು ಒಳಗೇ ಇಟ್ಟುಕೊಂಡಿರುವ ಪ್ರಶ್ನೆ ಬೇಡ. ಯಾರು ಮುಟ್ಟಿದರು, ಎಷ್ಟು ಸಲ, ಇದೆಲ್ಲ ನಾವು ಕೇಳುವ ವಿಷಯವಲ್ಲ. 'ಏನಾಯ್ತು, ನಿನ್ನ ಮಾತಲ್ಲೇ ಹೇಳು.' 'ಆಮೇಲೆ?' ಇಷ್ಟೇ ಸಾಕು. ಮಧ್ಯೆ ಮಗು ಸುಮ್ಮನಾದರೆ ನಾವೂ ಸುಮ್ಮನಿರಬೇಕು. ಇದು ಹೇಳಿದಷ್ಟು ಸುಲಭವಲ್ಲ, ನಾವು ಟೀಚರುಗಳು ಹತ್ತು ಸೆಕೆಂಡ್ ಬಾಯಿ ಮುಚ್ಚಿ ಕೂರುವವರಲ್ಲ, ಅಲ್ವಾ?

ಇನ್ನೊಂದು, 'ಯಾರಿಗೂ ಹೇಳಲ್ಲ, ಪ್ರಾಮಿಸ್' ಎಂದು ಮಾತು ಕೊಡಬಾರದು. ಕೊಟ್ಟರೆ ಅರ್ಧ ಗಂಟೆಯಲ್ಲಿ ನಾವೇ ಅದನ್ನು ಮುರಿಯಬೇಕು, ಮಗುವಿಗೆ ಆಗ ನಂಬಲು ಇನ್ನೊಬ್ಬರೂ ಇಲ್ಲ. 'ನೀನು ಹೇಳಿದ್ದು ಒಳ್ಳೇದಾಯ್ತು. ಇದನ್ನ ನಾನೊಬ್ಬಳೇ ಇಟ್ಟುಕೊಳ್ಳೋಕೆ ಆಗಲ್ಲ, ಸಹಾಯ ಮಾಡೋರಿಗೆ ಹೇಳ್ತೀನಿ' ಎಂದರೆ ಸಾಕು. ಟೀಚರಿಗೆ ಹೇಳಿದ್ದು ಪಾದ್ರಿಗಳು ಕೇಳಿ ಗುಟ್ಟಾಗಿಡುವ ಪಾಪನಿವೇದನೆ ಅಲ್ಲ ಅನ್ನುವುದನ್ನು ನೆನಪಿಡಿ. ಗುಟ್ಟು ಕಾಯುವ ಆ ನಿಯಮ ನಮಗೆ ಅನ್ವಯಿಸುವುದಿಲ್ಲ.

ಬರೆದಿಡುವುದು

ಮಗು ಹೋದ ಕೂಡಲೇ, ಮನೆಗೆ ಹೋಗಿ ಅನ್ನಕ್ಕಿಡುವ ಮೊದಲೇ ಬರೆಯಿರಿ. ದಿನ, ಗಂಟೆ, ಎಲ್ಲಿ ನಿಂತಿದ್ದಿರಿ, ನೀವು ಏನು ಕೇಳಿದಿರಿ, ಮಗು ಏನು ಹೇಳಿತು. ನಮ್ಮ ಕಡೆ ಒಂದು ವಿಶೇಷ ಇದೆ: ಮಗು ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ನಮ್ಮ ಫಾರ್ಮು ಇಂಗ್ಲಿಷ್. ಮೂರು ಬಾಯಿ ದಾಟುವಾಗ ಮಾತು ಮಾತಾಗಿ ಉಳಿಯುವುದಿಲ್ಲ. ಮಗು 'ಧರ್ಲೆಂ' ಅಂದಿರುತ್ತದೆ. ಅದನ್ನು ಕನ್ನಡದಲ್ಲಿ 'ಹಿಡಿದರು' ಎನ್ನಬಹುದು, 'ಹಿಡಿದುಕೊಂಡರು' ಎನ್ನಬಹುದು, ಬರೆಯುವವರ ಸಿಟ್ಟು ಜಾಸ್ತಿ ಇದ್ದರೆ 'ಎಳೆದಾಡಿದರು' ಅಂತಲೂ ಆಗುತ್ತದೆ. ಹಾಗಾಗಿ ಕೊಂಕಣಿ ಮಾತನ್ನು ಕನ್ನಡ ಅಕ್ಷರದಲ್ಲಿ ಇದ್ದ ಹಾಗೇ ಬರೆದು, ಅರ್ಥವನ್ನು ಕೆಳಗೆ ಬೇರೆ ಸಾಲಿನಲ್ಲಿ ಬರೆಯಿರಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆಯೂ ಇದನ್ನು ಗಮನಿಸಿದೆ: ಮಗು ಕೊಟ್ಟ ದೂರನ್ನು ಮಗುವಿಗೆ ತಿಳಿಯುವ ಸರಳ ಭಾಷೆಯಲ್ಲಿ ಬರೆದುಕೊಳ್ಳಬೇಕು, ಬರೆದದ್ದು ತಿಳಿಯದ ಭಾಷೆಯಲ್ಲಿದ್ದರೆ ಅನುವಾದಕರನ್ನು ಕೊಡಬೇಕು.

'ಮಗುವಿಗೆ ಕಿರುಕುಳ ಆದಂತೆ ತೋರುತ್ತದೆ' ಎಂಬ ಸಾಲಿಗೆ ಬೆಲೆ ಇಲ್ಲ. 'ಬೆಳಿಗ್ಗೆ 10.20, ಮೆಟ್ಟಿಲ ಹತ್ತಿರ, ಚಪ್ಪಲಿ ಹಾಕಿಕೊಳ್ಳದೆ ನಿಂತಿದ್ದ' ಎಂಬ ಸಾಲಿಗೆ ಬೆಲೆ ಇದೆ.

ಯಾರಿಗೆ ಹೇಳುವುದು

'ಮೊದಲು ಫಾದರ್‌ಗೆ ಹೇಳೋಣ, ಅವರು ನೋಡಿಕೊಳ್ಳುತ್ತಾರೆ.' ನಮ್ಮ ತರಬೇತಿಯಲ್ಲಿ ಹತ್ತರಲ್ಲಿ ಎಂಟು ಜನ ಕೊಟ್ಟ ಉತ್ತರ ಇದೇ. ಫಾದರ್‌ಗೆ ಹೇಳುವುದು ತಪ್ಪಲ್ಲ. ಅವರಿಗೆ ಹೇಳಿ ನಮ್ಮ ಕೆಲಸ ಮುಗಿಯಿತು ಅಂದುಕೊಳ್ಳುವುದು ತಪ್ಪು. (ಆರೋಪ ಇರುವುದು ಚರ್ಚಿನ ಒಳಗಿನವರ ಮೇಲೇ ಆದರೆ ಅವರಿಗೆ ಸುಳಿವು ಸಿಗುವ ದಾರಿಯಲ್ಲಿ ಹೋಗಲೇಬೇಡಿ.)

2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಲ್ಲಿ 'ಯಾವುದೇ ವ್ಯಕ್ತಿ' ಎಂದಿದೆ. ಅಂದರೆ ನೀವು, ನಾನು, ಗಂಟೆ ಹೊಡೆಯುವವರು, ಎಲ್ಲರೂ. 18 ತುಂಬದವರ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಾದರೆ, ಅಥವಾ ನಡೆಯಬಹುದು ಎಂಬ ಆತಂಕ ಇದ್ದರೂ, ಪೊಲೀಸರಿಗೆ ತಿಳಿಸಬೇಕು. ಸಾಕ್ಷಿ ಹುಡುಕಿ ಕೊಡು ಎಂದು ಕಾನೂನು ಕೇಳುವುದಿಲ್ಲ. ತಿಳಿಸದಿದ್ದರೆ 21ನೇ ಕಲಮು: 6 ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ತನ್ನ ಕೈಕೆಳಗಿನವರು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ 1 ವರ್ಷದವರೆಗೆ ಜೈಲು, ಜೊತೆಗೆ ದಂಡ. ಒಳ್ಳೆಯ ಮನಸ್ಸಿನಿಂದ ತಿಳಿಸಿ ಆಮೇಲೆ ಅದು ಸಾಬೀತಾಗದೆ ಹೋದರೆ ನಮ್ಮ ಮೇಲೆ ಕೇಸಾಗುತ್ತದಾ ಎಂದು ಎಲ್ಲರೂ ಹೆದರುತ್ತಾರೆ. ಇಲ್ಲ, ಅದೇ 19ನೇ ಕಲಮಿನಲ್ಲಿ ಅದಕ್ಕೆ ರಕ್ಷಣೆ ಇದೆ. ಧಾರ್ಮಿಕ ಸಂಸ್ಥೆಯ ಆಡಳಿತದವರು ಅಥವಾ ಸಿಬ್ಬಂದಿ ಅಲ್ಲಿನ ಮಗುವಿನ ಮೇಲೆ ಎಸಗಿದ ಅಪರಾಧಕ್ಕೆ ಶಿಕ್ಷೆ ಹೆಚ್ಚು, ಅದನ್ನು ಕಾಯ್ದೆ ಬೇರೆಯಾಗಿಯೇ ಎಣಿಸುತ್ತದೆ.

1098 ಮಕ್ಕಳ ಸಹಾಯವಾಣಿ. ಏನು ಮಾಡಬೇಕೆಂದು ತೋಚದಿದ್ದರೆ ಮೊದಲು ಅಲ್ಲಿಗೆ ಫೋನ್ ಮಾಡಿ. ತುರ್ತಾದರೆ 112. ಮಗುವನ್ನು ಸ್ಟೇಷನ್ನಿಗೆ ಎಳೆದುಕೊಂಡು ಹೋಗಬೇಕಾಗುತ್ತದೆ ಎಂದು ತಾಯಂದಿರು ಹಿಂದೇಟು ಹಾಕುತ್ತಾರೆ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಮಗುವಿಗೆ ಬೇಕೆನಿಸಿದ ಜಾಗದಲ್ಲೇ ಪಡೆಯಬೇಕು, ಪೊಲೀಸರು ಯೂನಿಫಾರ್ಮಿನಲ್ಲಿ ಇರಬಾರದು, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು. ಇದನ್ನು ತಾಯಿಗೆ ಮೊದಲೇ ಹೇಳಿದರೆ ಅರ್ಧ ಭಯ ಇಳಿಯುತ್ತದೆ.

ಚರ್ಚಿನ ನಿಯಮವೂ ಇದೆ. ಪೋಪ್ ಫ್ರಾನ್ಸಿಸ್ 2019ರ ಮೇನಲ್ಲಿ ಹೊರಡಿಸಿದ್ದು, 'ವೋಸ್ ಎಸ್ತಿಸ್ ಲುಕ್ಸ್ ಮುಂದಿ' ಎಂದು ಹೆಸರು, 2023ರಲ್ಲಿ ತಿದ್ದುಪಡಿ ಆಯಿತು. ಪಾದ್ರಿಗಳು, ಸಿಸ್ಟರ್‌ಗಳು ತಮಗೆ ಗೊತ್ತಾದದ್ದನ್ನು ಮೇಲಿನವರಿಗೆ ತಿಳಿಸಲೇಬೇಕು. ದೂರು ಕೊಟ್ಟವರಿಗೆ 'ಬಾಯಿ ಬಿಡಬೇಡ' ಎಂದು ಯಾರೂ ಕಟ್ಟು ಹಾಕುವಂತಿಲ್ಲ. ದೇಶದ ಕಾನೂನಿನ ಪ್ರಕಾರ ತಿಳಿಸುವ ಹೊಣೆ ಇದರಿಂದ ಕಡಿಮೆಯಾಗುವುದೂ ಇಲ್ಲ. ಧರ್ಮಪ್ರಾಂತ್ಯಕ್ಕೆ (ಬಿಷಪರ ಆಡಳಿತಕ್ಕೆ) ಹೇಳಿದರೆ ಪೊಲೀಸರಿಗೆ ಹೇಳಿದಂತಾಯಿತು ಎನ್ನುವವರಿಗೆ ಈ ಒಂದು ಸಾಲು ತೋರಿಸಿ.

ಮಳೆ ಮತ್ತು ಸ್ಕೂಟಿ

ತರಬೇತಿಯಲ್ಲಿ 'ದೊಡ್ಡವರೊಬ್ಬರು ಮಗುವಿನ ಜೊತೆ ಒಬ್ಬರೇ ಇರಬಾರದು' ಅಂದಾಗ ನಮ್ಮವರೊಬ್ಬರು ಕೈ ಎತ್ತಿದರು. ಜುಲೈ ತಿಂಗಳು, ಹನ್ನೊಂದೂವರೆಗೇ ಕತ್ತಲು, ಕರೆಂಟಿಲ್ಲ, ಎಲ್ಲ ಮಕ್ಕಳನ್ನೂ ಕರೆದುಕೊಂಡು ಹೋಗಿಯಾಯಿತು, ಒಬ್ಬಳು ಹುಡುಗಿ ಗೇಟಿನಲ್ಲಿ ನೆನೆಯುತ್ತ ನಿಂತಿದ್ದಾಳೆ. ಸ್ಕೂಟಿಯಲ್ಲಿ ಮನೆಗೆ ಬಿಟ್ಟು ಬರಲಾ? ನಿಯಮ ಬರೆದವರು ನಮ್ಮ ಮಳೆ ನೋಡಿದವರಲ್ಲ ಎಂದು ಎಲ್ಲ ನಕ್ಕರು. ಆದರೆ ದಾರಿ ಇದೆ. ಕ್ಲಾಸ್ ಮುಗಿದ ಮೇಲೆ ಕೊನೆಯ ಮಗು ಹೋಗುವವರೆಗೆ ಇಬ್ಬರು ಟೀಚರು ಇರುವುದು. ತಡವಾದರೆ ಚರ್ಚಿನ ಮುಂಬಾಗಿಲಲ್ಲಿ, ಎಲ್ಲರಿಗೂ ಕಾಣುವ ಹಾಗೆ ಕೂರುವುದು. ಬಿಡಲೇಬೇಕಾದರೆ ಹೊರಡುವ ಮೊದಲೇ ತಾಯಿಗೆ ಫೋನ್, ಇನ್ನೊಬ್ಬ ಟೀಚರಿಗೆ ಹೇಳಿಕೆ, ಮನೆ ಮುಟ್ಟಿದ ಮೇಲೆ ಮತ್ತೆ ಫೋನ್. ನನಗೆ ಇದು ಅತಿ ಅನ್ನಿಸಿದ್ದಿಲ್ಲ.

ದೊಡ್ಡವರ ವಿಷಯ

ರಕ್ಷಣೆ ಬೇಕಾದ ದೊಡ್ಡವರು ಎಂದರೆ ನಮಗೆ ಹಾಸಿಗೆ ಹಿಡಿದವರು ಮಾತ್ರ ನೆನಪಾಗುತ್ತಾರೆ. ಪೋಪರ ಆ ನಿಯಮದಲ್ಲಿ ಒಂದು ಚಂದದ ಮಾತಿದೆ: ಅರ್ಥಮಾಡಿಕೊಳ್ಳುವ, ಬೇಡ ಎನ್ನುವ ಶಕ್ತಿ ಆಗಾಗ ಮಾತ್ರ ಕುಂದಿದರೂ ಸಾಕು. ಅಂದರೆ ಗಂಡ ತೀರಿಹೋಗಿ ಹದಿನೈದು ದಿನವಾದ ಹೆಂಗಸೂ ಇದರೊಳಗೆ ಬರಬಹುದು. ಆ ಹೊತ್ತಿನಲ್ಲಿ ಬಂದು ಸಮಾಧಾನ ಮಾಡಿ, ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋಗುವವರು ಇದ್ದಾರೆ.

ಮಕ್ಕಳ ವಿಷಯಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ. ಬುದ್ಧಿ ಸ್ಥಿಮಿತದಲ್ಲಿರುವ ದೊಡ್ಡವರನ್ನು ಕೇಳದೆ ನಾವು ಓಡಿಹೋಗಿ ದೂರು ಕೊಡುವುದು ಸರಿಯಲ್ಲ. ಮೊದಲು ಅವರಿಗೆ ಏನು ಬೇಕು ಎಂದು ಕೇಳಿ. ಜೀವಕ್ಕೆ ಅಪಾಯ ಇದ್ದರೆ ಮಾತು ಬೇರೆ. ಹಿರಿಯರಿಗೆ 14567 ಸಹಾಯವಾಣಿ ಇದೆ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಜೀವನಾಂಶ ಕೇಳುವ ಅರ್ಜಿ ಉಪವಿಭಾಗಾಧಿಕಾರಿಗಳ ಹತ್ತಿರ ಹೋಗುತ್ತದೆ; ನಮ್ಮ ಜಿಲ್ಲೆಯಲ್ಲಿ ಕಾರವಾರ, ಕುಮಟಾ, ಭಟ್ಕಳ, ಶಿರಸಿ, ನಾಲ್ಕು ಕಡೆ ಅವರ ಕಚೇರಿ ಇದೆ. ನೋಡಿಕೊಳ್ಳುತ್ತೇನೆ ಎಂದು ಮನೆ ಬರೆಸಿಕೊಂಡು ಆಮೇಲೆ ಕೈಬಿಟ್ಟರೆ ಆ ದಾನಪತ್ರ ರದ್ದು ಮಾಡಿಸಲಿಕ್ಕೂ ಅದೇ ಕಾಯ್ದೆಯ 23ನೇ ಕಲಮು ಇದೆ, ಆದರೆ 'ನೋಡಿಕೊಳ್ಳಬೇಕು' ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿಟ್ಟರೆ ಜಗಳ ಕಡಿಮೆ. ಅಂಗವಿಕಲರ ಮೇಲಿನ ದೌರ್ಜನ್ಯವನ್ನು 2016ರ ಕಾಯ್ದೆಯ ಪ್ರಕಾರ ಯಾರು ಬೇಕಾದರೂ ತಾಲೂಕಿನ ದಂಡಾಧಿಕಾರಿಗೆ, ಅಂದರೆ ತಹಶೀಲ್ದಾರರಿಗೆ, ತಿಳಿಸಬಹುದು.

ನಮ್ಮಲ್ಲಿ ಜಾಸ್ತಿ ಕಾಣುವುದು ದುಡ್ಡಿನ ವಿಷಯ. ಮಗ ಕುವೈತಿನಲ್ಲಿ, ಅಜ್ಜಿ ಒಬ್ಬರೇ, ಪೆನ್ಶನ್ ದುಡ್ಡು ತರಲಿಕ್ಕೆ ಎಟಿಎಂ ಕಾರ್ಡನ್ನೂ ಪಿನ್ನನ್ನೂ ಚರ್ಚಿನ ಕಡೆಯಿಂದ ಬರುವ ಹುಡುಗರ ಕೈಗೆ ಕೊಟ್ಟುಬಿಡುತ್ತಾರೆ. ಹುಡುಗರು ಒಳ್ಳೆಯವರೇ ಇರಬಹುದು, ಆದರೂ ನಾಳೆ ಮುನ್ನೂರು ರೂಪಾಯಿ ಹೆಚ್ಚುಕಮ್ಮಿಯಾದರೆ ಅವರ ಹೆಸರೂ ಹಾಳು. ಅದಕ್ಕೆ ನಮ್ಮ ಚರ್ಚಿನ ವಾರ್ಡಿನಲ್ಲಿ ಈಗ ಇಬ್ಬರು ಹೋಗುತ್ತಾರೆ, ತೆಗೆದ ದುಡ್ಡಿನ ಚೀಟಿಯನ್ನು ಅಜ್ಜಿಯ ನೋಟ್‌ಬುಕ್ಕಿಗೆ ಅಂಟಿಸಿ, ಎಣಿಸಿ ಕೊಟ್ಟು, ಅವರ ಮುಂದೆಯೇ ಬರೆಯುತ್ತಾರೆ. ಅಜ್ಜಿಯದು ಒಂದೇ ತಕರಾರು: ಮೊದಲು ಒಬ್ಬರಿಗೆ ಚಹಾ ಮಾಡಿದರೆ ಆಗುತ್ತಿತ್ತು, ಈಗ ಇಬ್ಬರಿಗೆ ಮಾಡಬೇಕು.